ಹಾಲಿನ ಸೊಸೈಟಿಯ ಆ್ಯಪ್ ಎಲ್ಲರ ಕೈಗೂ ಒಗ್ಗಬೇಕು: ಅನುಭವ ಇದ್ದವರು ಹೇಳಿ

ಕೇಳಿದವರು, ಮದ್ದೂರು ಕಡೆಯಿಂದ

ನಮಸ್ಕಾರ. ನಮ್ಮೂರ ಹಾಲಿನ ಸೊಸೈಟಿಗೆ ಒಂದು ಸಣ್ಣ ಮೊಬೈಲ್ ಆ್ಯಪ್ ಮಾಡುತ್ತಿದ್ದೇನೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಎಷ್ಟು, ಬಟವಾಡೆ ಎಷ್ಟು ಬರುತ್ತದೆ, ಇಷ್ಟೇ. ಹಾಲು ಹಾಕುವವರಲ್ಲಿ ವಯಸ್ಸಾದವರು, ಓದು ಬಾರದ ಹೆಂಗಸರು ಜಾಸ್ತಿ. ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಮಗನನ್ನೋ ಮೊಮ್ಮಗಳನ್ನೋ ಕರೆಯದೆ ತಮ್ಮ ಲೆಕ್ಕ ತಾವೇ ನೋಡಿಕೊಳ್ಳುವ ಹಾಗಾಗಬೇಕು. ಎಲ್ಲಿಂದ ಶುರು ಮಾಡಲಿ?

ಮೈಸೂರು, ಕುವೆಂಪುನಗರದಿಂದ

ಮೊದಲು ನಿಮ್ಮ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ ಸರ್. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದಲ್ಲ, ಅದರೊಳಗೇ ಇದೆ. ದುಡ್ಡು ಕೊಡಬೇಕಿಲ್ಲ. ನಾನು ಹುಟ್ಟಿನಿಂದ ಕಣ್ಣು ಕಾಣದವನು, ಫೋನಿನ ಕೆಲಸವೆಲ್ಲ ಅದರಲ್ಲೇ ಮಾಡುತ್ತೇನೆ. ಬೆರಳಿಟ್ಟ ಕಡೆ ಏನಿದೆ ಅಂತ ಅದು ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ಒತ್ತಿದ ಹಾಗೆ.

ನಾನು ಬಿಲ್ ಕಟ್ಟಲು ಬಳಸುವ ಒಂದು ಆ್ಯಪ್ ನನಗೆ ಹೇಗೆ ಕೇಳಿಸುತ್ತದೆ ಗೊತ್ತಾ? "ಬಟನ್, ಹೆಸರಿಲ್ಲ. ಬಟನ್, ಹೆಸರಿಲ್ಲ. ಚಿತ್ರ. ಬಟನ್, ಹೆಸರಿಲ್ಲ." ಇದರಲ್ಲಿ ಹಣ ಕಟ್ಟುವುದು ಯಾವುದು, ಹಿಂದೆ ಹೋಗುವುದು ಯಾವುದು? ಒತ್ತಿ ನೋಡಿಯೇ ತಿಳಿಯಬೇಕು. ದುಡ್ಡಿನ ವಿಷಯದಲ್ಲಿ ಹಾಗೆ ಒತ್ತಿ ನೋಡುವ ಧೈರ್ಯ ಯಾರಿಗಿರುತ್ತದೆ? ಬಟನ್ನಿಗೊಂದು ಹೆಸರು ಕೊಡಲು ಕೋಡ್‌ನಲ್ಲಿ ಒಂದು ಸಾಲು ಸಾಕು, ಕಂಟೆಂಟ್ ಡಿಸ್ಕ್ರಿಪ್ಷನ್ ಅಂತಾರೆ. ಅಲ್ಲಿ "ಐಕಾನ್ 3" ಅಂತ ಬರೆಯಬೇಡಿ. "ಈ ವಾರದ ಬಟವಾಡೆ" ಅಂತ ಬರೆಯಿರಿ.

ಲೆಕ್ಕದ ಪಟ್ಟಿಯಲ್ಲೂ ಅಷ್ಟೇ. ಒಂದು ಹೊತ್ತಿನ ಹಾಲಿನ ವಿವರ ಒಟ್ಟಿಗೆ ಕೇಳಿಸಲಿ: "ಮಂಗಳವಾರ ಬೆಳಿಗ್ಗೆ, 6 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5". ಇಲ್ಲದಿದ್ದರೆ "6", "4.1", "8.5" ಅಂತ ಬಿಡಿಬಿಡಿಯಾಗಿ ಬರುತ್ತದೆ. ಯಾವುದು ಏನು ಅಂತ ನೆನಪಿಟ್ಟುಕೊಳ್ಳುವುದರಲ್ಲೇ ಸುಸ್ತಾಗುತ್ತದೆ.

ಇನ್ನೊಂದು ಮಾತು. ಸೊಸೈಟಿಯ ಹಳೆಯ ಸುತ್ತೋಲೆಗಳನ್ನೂ ಆ್ಯಪ್‌ಗೆ ಹಾಕೋಣ ಅನ್ನಿಸಬಹುದು. ಯೂನಿಕೋಡ್ (ಈಗ ಎಲ್ಲ ಫೋನಿನಲ್ಲೂ ಬಳಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಿದ್ದರೆ ಸುಮ್ನೆ ತಂದು ಹಾಕಬೇಡಿ. ನೋಡುವವರ ಕಣ್ಣಿಗೆ ಅದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆ. ಟಾಕ್‌ಬ್ಯಾಕ್ ಓದುವುದು ಒಳಗಿರುವುದನ್ನೇ. ನನಗೆ ಒಂದು ಪದವೂ ಅರ್ಥವಾಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸಿ ಹಾಕಿ.

ಮಂಡ್ಯ ತಾಲ್ಲೂಕಿನಿಂದ, ಡೇರಿ ಕಾರ್ಯದರ್ಶಿ

ಅಣ್ಣ, ನಮ್ಮಲ್ಲಿ ಹಾಲು ಹಾಕುವವರು ಫೋನ್ ತೆಗೆಯುವುದು ಹಾಲು ಅಳೆಸಿದ ತಕ್ಷಣ. ಕೈ ಒದ್ದೆ, ಇನ್ನೊಂದು ಕೈಯಲ್ಲಿ ಕ್ಯಾನು, ಹಿಂದೆ ಸಾಲು. ಸಣ್ಣ ಸಣ್ಣ ಬಟನ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದನ್ನು ಒತ್ತಲು ಹೋಗಿ ಇನ್ನೊಂದು ಒತ್ತಿಹೋಗುತ್ತದೆ. ತೆರೆದ ಕೂಡಲೇ ಇವತ್ತಿನ ಲೀಟರ್, ಫ್ಯಾಟ್ ದೊಡ್ಡದಾಗಿ ಕಾಣಲಿ. ಬಾಕಿಯೆಲ್ಲ ಆಮೇಲೆ.

ಓದು ಬಾರದವರಿಗೂ ಅಂಕಿ ಗೊತ್ತು. ತಮ್ಮ ಸದಸ್ಯರ ನಂಬರ್ ಯಾರೂ ಮರೆಯುವುದಿಲ್ಲ. ನಾವು ಕೊಡುವ ಚೀಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಇದೆ ಅನ್ನುವುದೂ ಅವರಿಗೆ ರೂಢಿಯಾಗಿದೆ. ನಿಮ್ಮ ಆ್ಯಪ್‌ನಲ್ಲೂ ಅದೇ ಕ್ರಮ ಇಡಿ. ಚೆಂದ ಕಾಣಲಿ ಅಂತ ಹಿಂದುಮುಂದು ಮಾಡಬೇಡಿ. ಫ್ಯಾಟ್ ಕಮ್ಮಿ ಬಂದರೆ ಬರೀ ಕೆಂಪು ಬಣ್ಣ ಹಾಕಿ ಬಿಡಬೇಡಿ, ಕೆಂಪು ಹಸಿರು ಗುರುತು ಸಿಗದವರಿದ್ದಾರೆ. "ಕಮ್ಮಿ" ಅಂತ ಪಕ್ಕದಲ್ಲೇ ಬರೆಯಿರಿ.

ಕೀಪ್ಯಾಡ್ ಫೋನ್ ಇಟ್ಟುಕೊಂಡಿರುವ ಅಕ್ಕಂದಿರಿಗೆ ಎಸ್‌ಎಂಎಸ್ ಹೋಗಲೇಬೇಕು. ಆ್ಯಪ್ ಬಂತು ಅಂತ ಕಾಗದದ ಚೀಟಿಯನ್ನೂ ನಿಲ್ಲಿಸಬೇಡಿ.

ಮೈಸೂರು, ಡಿಸೈನ್ ಕೆಲಸದಲ್ಲಿರುವವರು

ಅಳತೆಗಳನ್ನು ನಾನು ಹೇಳುತ್ತೇನೆ. ವೆಬ್‌ಸೈಟನ್ನು ಅಂಗವೈಕಲ್ಯ ಇರುವವರೂ ಬಳಸುವ ಹಾಗೆ ಮಾಡಲು ಡಬ್ಲ್ಯೂಸಿಎಜಿ ಅಂತ ಮಾರ್ಗಸೂಚಿ ಇದೆ. ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ಆ್ಯಪ್‌ಗೂ ಅದನ್ನೇ ಹಿಡಿಯಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1 ಸಾಕು. ಬಿಳಿ ಮೇಲೆ ತಿಳಿ ಬೂದು ಬರೆಯುವ ಫ್ಯಾಷನ್ ಬಿಸಿಲಲ್ಲಿ ನಿಂತವರಿಗೆ ಏನೇನೂ ಕಾಣುವುದಿಲ್ಲ. ಬಟನ್ ಅಳತೆಗೆ ಆಂಡ್ರಾಯ್ಡ್‌ನವರು ಹೇಳುವುದು ಕನಿಷ್ಠ 48 ಡಿಪಿ (ಪರದೆಯ ಮೇಲಿನ ಗಾತ್ರದ ಅಳತೆ). ಒದ್ದೆ ಕೈ ಅಂದಿದ್ದಾರಲ್ಲ, ನಾನಾದರೆ ಇನ್ನೂ ದೊಡ್ಡದು ಮಾಡುತ್ತೇನೆ.

ಕನ್ನಡಕ್ಕೆ ಮಾತ್ರ ಬರುವ ತೊಂದರೆ ಒಂದಿದೆ. ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. "ಲಕ್ಷ್ಮಮ್ಮ" ಅಂತ ಬರೆದು ನೋಡಿ. "ಕ್ಷ್ಮ"ದ ಕೆಳಗಿನ ಒತ್ತು ಬಟನ್ನಿನ ಅಂಚಿನಲ್ಲಿ ಅರ್ಧಕ್ಕೇ ಮಾಯವಾಗಿರುತ್ತದೆ. ಎತ್ತರ ಜಾಸ್ತಿ ಕೊಡಿ, ಅಗಲವನ್ನೂ ಗಟ್ಟಿಯಾಗಿ ಕಟ್ಟಿಹಾಕಬೇಡಿ. ಆಮೇಲೆ ಫೋನಿನ ಅಕ್ಷರ ಗಾತ್ರವನ್ನು 200 ಪರ್ಸೆಂಟ್‌ಗೆ ಏರಿಸಿ ಇನ್ನೊಮ್ಮೆ ನೋಡಿ. ವಯಸ್ಸಾದವರ ಫೋನಿನಲ್ಲಿ ದೊಡ್ಡ ಅಕ್ಷರವೇ ಇರುತ್ತದೆ.

ಆ್ಯಪ್ ಪೂರ್ತಿ ಆಗುವವರೆಗೆ ಕಾಯಬೇಡಿ, ಅರ್ಧಂಬರ್ಧ ಇದ್ದಾಗಲೇ ಡೇರಿಗೆ ತೆಗೆದುಕೊಂಡು ಹೋಗಿ. "ಅಜ್ಜಿ, ಹೋದ ವಾರ ಎಷ್ಟು ದುಡ್ಡು ಬಂತು ನೋಡಿ ಹೇಳಿ" ಅಂತ ಫೋನ್ ಕೊಟ್ಟು ಸುಮ್ಮನೆ ನಿಂತುಕೊಳ್ಳಿ. "ಅಲ್ಲಿ ಒತ್ತಿ" ಅಂತ ಬಾಯಿ ಬಿಡಬೇಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ನಿಮಗೆ ಕೆಲಸ ಇದೆ.

ಮೈಸೂರು, ಕಿವಿ ಕೇಳಿಸದ ಹುಡುಗನ ತಾಯಿ

ಓದು ಬಾರದವರಿಗೆ ಧ್ವನಿ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ. ಸೇರಿಸಿ, ಆದರೆ ಧ್ವನಿ ಒಂದೇ ದಾರಿ ಆಗಬಾರದು. ಲೆಕ್ಕ ತಪ್ಪಿದರೆ "ಈ ನಂಬರಿಗೆ ಕರೆ ಮಾಡಿ" ಅಂತಷ್ಟೇ ಇದ್ದರೆ ನನ್ನ ಮಗನಂಥವನು ಏನು ಮಾಡಬೇಕು? ಮೆಸೇಜ್ ಕಳಿಸಲೂ ದಾರಿ ಇಡಿ. ಸಹಾಯಕ್ಕೆ ವಿಡಿಯೊ ಹಾಕಿದರೆ ಕೆಳಗೆ ಕನ್ನಡ ಅಕ್ಷರ ಬರಲಿ. ಚಿಕ್ಕಂದಿನಿಂದ ಸೈನ್ ಭಾಷೆಯಲ್ಲೇ ಬೆಳೆದವರಿಗೆ ಬರೆದ ಕನ್ನಡವೂ ಎರಡನೇ ಭಾಷೆ. ಅದಕ್ಕೇ ವಾಕ್ಯ ಚಿಕ್ಕದಿರಲಿ, ಜೊತೆಗೆ ಚಿತ್ರ ಇರಲಿ.

ಮಂಡ್ಯದಿಂದ, ವಕೀಲರು

ಸೊಸೈಟಿಯವರು "ಇಷ್ಟೆಲ್ಲ ಯಾಕೆ" ಅಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ ಅನ್ನಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯಲ್ಲಿ, ಕಣ್ಣು ಮಿಟುಕಿಸಲು ಆಗದೆ ಹೋದ ಪ್ರಕರಣ ಅದು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಟಾಕ್‌ಬ್ಯಾಕ್ ಆನ್ ಮಾಡಿದೆ, ನನ್ನ ಬಟನ್‌ಗಳಲ್ಲೂ ಸುಮಾರಕ್ಕೆ ಹೆಸರಿಲ್ಲ. ಅದು ಕನ್ನಡ ಓದುತ್ತದಾ?

ಕುವೆಂಪುನಗರದಿಂದ

ಓದುತ್ತದೆ. ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡ ಧ್ವನಿ ಡೌನ್‌ಲೋಡ್ ಮಾಡಿಕೊಳ್ಳಿ. ಮತ್ತೆ, ನಿಮ್ಮೂರಿನ ಆ ಕಣ್ಣು ಕಾಣದ ಸದಸ್ಯರನ್ನು ಈಗಿನಿಂದಲೇ ಜೊತೆಗೆ ಕೂರಿಸಿಕೊಳ್ಳಿ. ಪರೀಕ್ಷೆ ಮಾಡಿಕೊಟ್ಟ ಹೊತ್ತಿಗೆ ಅವರಿಗೆ ಕೂಲಿ ಕೊಡಿ, ಅದೂ ಕೆಲಸವೇ ಅಲ್ವಾ.