ಮದುವೆಮನೆಯಿಂದ ಬಂದ ರಾತ್ರಿ ಮಗಳಿಗೆ ನಿದ್ದೆಯೇ ಬರುವುದಿಲ್ಲ

ಪ್ರಶ್ನೆ:
ನನ್ನ ಮಗಳಿಗೆ 6 ವರ್ಷ. ಮಿತಭಾಷಿ, ಒಬ್ಬಳೇ ಕುಳಿತು ಚಿತ್ರ ಬಿಡಿಸುವುದೆಂದರೆ ಅವಳಿಗೆ ಹಬ್ಬ. ಕಳೆದ ವಾರ ಮೈಸೂರಿನಲ್ಲಿ ನೆಂಟರ ಮದುವೆಗೆ ಹೋಗಿ, ಎರಡು ದಿನ ವಾಲಗ, ಮೈಕು ಮತ್ತು ಕೆನ್ನೆ ಹಿಂಡಿ ಮಾತನಾಡಿಸುವ ಹಿರಿಯರ ನಡುವೆ ಕಳೆದು ಬಂದ ರಾತ್ರಿ, ಕಣ್ಣು ಕೆಂಪೇರಿದ್ದರೂ ಹನ್ನೊಂದೂವರೆಯವರೆಗೆ ಮಲಗದೆ ಸಣ್ಣ ಮಾತಿಗೂ ಅತ್ತಳು. ಶಾಲೆಯ ವ್ಯಾನಿನಿಂದ ಇಳಿದೊಡನೆ ಅಬ್ಯಾಕಸ್ ತರಗತಿಗೆ ಹೋಗುವ ದಿನಗಳಲ್ಲಿಯೂ ಹೀಗೆಯೇ. ಚೆನ್ನಾಗಿ ದಣಿದರೆ ನಿದ್ದೆ ತಾನಾಗಿ ಬರುತ್ತದೆ ಎನ್ನುತ್ತಾರೆ ನಮ್ಮ ಅತ್ತೆಯವರು. ಇವಳ ವಿಷಯದಲ್ಲಿ ಅದು ತಿರುವುಮುರುವಾಗಿರುವುದೇಕೆ?

ಉತ್ತರ 1:
ಓಡಿ ಆಡಿದ ದಣಿವು ಬೇರೆ, ಗದ್ದಲದ ದಣಿವು ಬೇರೆ. ಎರಡನೆಯದರಲ್ಲಿ ಮೈ ಸೋತಿದ್ದರೂ ಮನಸ್ಸು ಇನ್ನೂ ಛತ್ರದಲ್ಲಿಯೇ ಇರುತ್ತದೆ. ನನ್ನ ಮಗನೂ ಇದೇ ಸ್ವಭಾವದವನಾದ್ದರಿಂದ, ಶಾಲೆಯಿಂದ ಬಂದ ಮೇಲೆ ಮುಕ್ಕಾಲು ಗಂಟೆ ಅವನನ್ನು ಯಾರೂ ಏನನ್ನೂ ಕೇಳಬಾರದೆಂದು ಮನೆಯಲ್ಲಿ ನಿಯಮ ಮಾಡಿದ್ದೇವೆ; "ಇವತ್ತು ಏನು ಹೇಳಿಕೊಟ್ಟರು" ಎಂಬ ಪ್ರಶ್ನೆಯೂ ಊಟದ ಹೊತ್ತಿಗೆ ಮುಂದೂಡಲ್ಪಡುತ್ತದೆ. ಅಬ್ಯಾಕಸ್ಸನ್ನು ಶನಿವಾರ ಬೆಳಿಗ್ಗೆಗೆ ಬದಲಾಯಿಸಿ ನೋಡಿ. ಸಂಜೆಯ ಪ್ರಖರ ಬೆಳಕು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನು ಸ್ರವಿಸುವುದನ್ನು ತಗ್ಗಿಸುವುದರಿಂದ, ಮಲಗುವುದಕ್ಕೆ ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲು ಮತ್ತು ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪವೊಂದನ್ನು ಉಳಿಸಿಕೊಳ್ಳಿ. ಆಗಲೇ ಬಿಸಿನೀರಿನ ಸ್ನಾನವೂ ಆಗಲಿ: ಸ್ನಾನದ ಬಳಿಕ ಚರ್ಮದ ಮೂಲಕ ಶಾಖ ಹೊರಹೋಗಿ ಒಡಲ ಉಷ್ಣತೆ ಇಳಿದಾಗ ನಿದ್ದೆ ಹತ್ತುವುದು ಸುಲಭ. ಮುಂದಿನ ಮದುವೆಯಲ್ಲಿ ಮುಹೂರ್ತ ಮುಗಿದೊಡನೆ, ಊಟದ ಪಂಕ್ತಿಗೆ ಮೊದಲು, ಅರ್ಧ ಗಂಟೆ ಅವಳನ್ನು ಮೇಲಿನ ಕೋಣೆಗೆ ಕರೆದೊಯ್ಯಿರಿ. ನೆಂಟರು ಏನಾದರೂ ಅಂದುಕೊಳ್ಳಲಿ.

ಉತ್ತರ 2:
ಕಥೆ ಹೇಳುವುದಾದರೆ ದಿನವೂ ಹೊಸದನ್ನು ಹುಡುಕಬೇಡಿ. ಮುಂದೇನಾಗುತ್ತದೆಂದು ಗೊತ್ತಿರುವ ಹಳೆಯ ಕಥೆಯನ್ನೇ ಕೇಳುತ್ತ ನನ್ನ ಮೊಮ್ಮಗಳು ನಡುವಿನಲ್ಲಿಯೇ ನಿದ್ದೆ ಹೋಗುತ್ತಾಳೆ.

ಉತ್ತರ 3:
6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಗೊರಕೆ ಹೊಡೆಯುವುದು, ಬಾಯಿ ತೆರೆದು ಉಸಿರಾಡುವುದು ಇದ್ದರೆ ಅದನ್ನು ಸ್ವಭಾವದ ಮೇಲೆ ಹಾಕದೆ, ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ಊದಿಕೊಂಡಿದೆಯೇ ಎಂದು ವೈದ್ಯರಲ್ಲಿ ತೋರಿಸಿ. ಮೆಲಟೋನಿನ್ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ ಕೇಳಿದವರು:
ಗೊರಕೆಯಿಲ್ಲ. ನಮ್ಮದು ಒಂದೇ ಕೋಣೆಯ ಮನೆ, ಅತ್ತೆಯವರ ಧಾರಾವಾಹಿ ಎಂಟೂವರೆಗೆ. ಕಥೆಯ ಹೊಣೆಯನ್ನು ಅವರಿಗೇ ವಹಿಸಿದರೆ ಟಿ.ವಿ.ಯೂ ಆರಬಹುದೇನೋ, ಇಂದು ಕೇಳಿ ನೋಡುತ್ತೇನೆ.