ಕಾಸು ಮತ್ತು ಕ್ಯಾಶ್: ಒಂದೇ ಪದವಾ, ಎರಡಾ?

ಗೆಳೆಯರೆ,

ಹೋದ ವಾರ ನಮ್ಮ ಭಾವ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದರು. ಇಂಗ್ಲಿಷಿನ ‘ಕ್ಯಾಶ್’ ನಮ್ಮ ‘ಕಾಸಿ’ನಿಂದ ಹುಟ್ಟಿದ್ದಂತೆ, ಬಿಳಿಯರಿಗೆ ದುಡ್ಡಿನ ಹೆಸರು ಹೇಳಿಕೊಟ್ಟವರೇ ನಾವಂತೆ. ಭಾವ ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಕ್ಯಾಶ್ ಎಣಿಸಿದವರು, ಅವರ ಖುಷಿ ಅರ್ಥವಾಗುತ್ತದೆ. ನಾನು ‘ಅರ್ಧ ನಿಜ ಭಾವ’ ಅಂತ ಬರೆದೆ. ತಕ್ಷಣ ಬಂತು: ‘ಯಾವ ಅರ್ಧ?’

ಆ ಅರ್ಧ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇನೆ. ಕೊನೆಯಲ್ಲಿ ನಿಮಗೂ ಒಂದೆರಡು ಪ್ರಶ್ನೆ ಇವೆ.

ಇಂಗ್ಲಿಷಿನಲ್ಲಿ ‘ಕ್ಯಾಶ್’ ಎನ್ನುವ ಪದ ಒಂದಲ್ಲ, ಎರಡಿವೆ. ಬರೆಯುವುದು ಒಂದೇ ಥರ, ಹುಟ್ಟಿದ ಮನೆ ಬೇರೆ. ನಾವು ದಿನಾ ಹೇಳುವ ಕ್ಯಾಶ್, ಅಂದರೆ ಕೈಯಲ್ಲಿರುವ ನಗದು, ಲ್ಯಾಟಿನ್ನಿನ ‘ಕ್ಯಾಪ್ಸಾ’ದಿಂದ ಇಳಿದದ್ದು. ಕ್ಯಾಪ್ಸಾ ಅಂದರೆ ಪೆಟ್ಟಿಗೆ. ಅದು ಇಟಲಿಯಲ್ಲಿ ‘ಕಾಸ್ಸಾ’ ಆಯಿತು, ಫ್ರಾನ್ಸಿನಲ್ಲಿ ‘ಕೇಸ್’ ಆಯಿತು, ಇಂಗ್ಲೆಂಡಿಗೆ 16ನೇ ಶತಮಾನದ ಕೊನೆಯ ಹೊತ್ತಿಗೆ ‘ಕ್ಯಾಶ್’ ಆಗಿ ಬಂತು. ಮೊದಲು ದುಡ್ಡಿಡುವ ಪೆಟ್ಟಿಗೆಗೂ ಆ ಹೆಸರಿತ್ತು. ಆಮೇಲೆ ಪೆಟ್ಟಿಗೆ ಮರೆತುಹೋಗಿ ಒಳಗಿನ ದುಡ್ಡಷ್ಟೇ ಉಳಿಯಿತು. ಈ ಕ್ಯಾಶಿಗೂ ನಮಗೂ ನಂಟಿಲ್ಲ. ಕ್ಯಾಶಿಯರ್ ಕೂಡ ಇದೇ ಪೆಟ್ಟಿಗೆಯ ಮನೆತನದವನು. ಭಾವನ ಹಳೇ ಹುದ್ದೆಯೇ ಕೈತಪ್ಪಿತಲ್ಲ ಅಂತ ಬೇಜಾರಾಯಿತು.

ಇನ್ನೊಂದು ಕ್ಯಾಶ್ ಮಾತ್ರ ಅಪ್ಪಟ ನಮ್ಮ ಕಡೆಯದು. ದಕ್ಷಿಣ ಭಾರತದ ಪುಟ್ಟ ತಾಮ್ರದ ನಾಣ್ಯಕ್ಕೆ ಇಂಗ್ಲಿಷರು ಇಟ್ಟ ಹೆಸರದು. ತಮಿಳು, ಕನ್ನಡದ ಕಾಸನ್ನು ಮೊದಲು ಕಿವಿಗೆ ಹಾಕಿಕೊಂಡವರು ಪೋರ್ಚುಗೀಸರು. ಅವರು ಅದನ್ನು ‘ಕೈಶಾ’ ಅಂತ ಬರೆದುಕೊಂಡರು. ಮಜಾ ಏನು ಗೊತ್ತಾ? ಪೋರ್ಚುಗೀಸ್ ಭಾಷೆಯಲ್ಲಿ ಕೈಶಾ ಅಂದರೂ ಪೆಟ್ಟಿಗೆಯೇ! ಅದೂ ಅದೇ ಕ್ಯಾಪ್ಸಾದ ಮಗಳು. ಅಂದರೆ ನಮ್ಮ ನಾಣ್ಯದ ಹೆಸರು ಕೇಳಿದವರು ತಮ್ಮ ಮನೆಯಲ್ಲಿದ್ದ ಪೆಟ್ಟಿಗೆಯ ಹೆಸರನ್ನೇ ಅದಕ್ಕೆ ತೊಡಿಸಿಬಿಟ್ಟರು. ಅವರ ಬಾಯಿಂದ ಇಂಗ್ಲಿಷರಿಗೆ ಹೋಗುವ ಹೊತ್ತಿಗೆ ಎರಡೂ ‘ಕ್ಯಾಶ್’ ಆದವು. ಎರಡು ಊರಿನ ಇಬ್ಬರು ಒಂದೇ ಅಂಗಿ ಹಾಕಿಕೊಂಡು ಒಂದೇ ಬಸ್ಸು ಹತ್ತಿದ ಹಾಗೆ. ನೋಡಿದವರು ಅಣ್ಣತಮ್ಮ ಅಂದುಕೊಂಡರೆ ತಪ್ಪು ಅವರದ್ದಲ್ಲ. ಭಾವನದ್ದೂ ಅಲ್ಲ.

ಈ ಎರಡನೇ ಕ್ಯಾಶ್ ಅಲ್ಲಿಗೇ ನಿಲ್ಲಲಿಲ್ಲ. ಪೂರ್ವದ ಕಡೆ ಹಡಗು ಹೊಡೆದವರು ಅಲ್ಲಿನ ಚಿಲ್ಲರೆ ನಾಣ್ಯಕ್ಕೂ ಇದೇ ಹೆಸರು ಹಚ್ಚಿದರು. ಚೀನಾದ, ನಡುವೆ ಚೌಕ ತೂತಿರುವ, ದಾರಕ್ಕೆ ಪೋಣಿಸಿಡುವ ನಾಣ್ಯವನ್ನು ಇವತ್ತಿಗೂ ಇಂಗ್ಲಿಷ್ ಪುಸ್ತಕಗಳು ‘ಕ್ಯಾಶ್’ ಅಂತಲೇ ಕರೆಯುತ್ತವೆ. ಚೀನಿಯರು ಹಾಗೆ ಕರೆಯುವುದಿಲ್ಲ. ಅವರ ನಾಣ್ಯದ ಮೇಲೆ ಕೂತಿರುವುದು ನಮ್ಮ ಕಾಸು. ನನ್ನನ್ನು ಕೇಳಿದರೆ ಹೆಮ್ಮೆ ಪಡಬೇಕಾದ ಅರ್ಧ ಇದು. ಆದರೆ ಇದನ್ನು ಯಾರೂ ವಾಟ್ಸಾಪಿಗೆ ಹಾಕುವುದಿಲ್ಲ.

ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕ ಹೀಗಿತ್ತು: 80 ಕ್ಯಾಶಿಗೆ ಒಂದು ಫನಂ, 42 ಫನಂಗೆ ಒಂದು ಪಗೋಡ. ಫನಂ ಅನ್ನುವುದು ನಮ್ಮ ‘ಹಣ’ ಎಂಬ ಹಳೇ ನಾಣ್ಯದ ಹೆಸರೇ, ಪಗೋಡ ಅಂದರೆ ನಮ್ಮ ‘ವರಹ’ ಎಂಬ ಚಿನ್ನದ ನಾಣ್ಯ. ಕಂಪನಿ 1808ರಲ್ಲಿ ಇಂಗ್ಲೆಂಡಿನಲ್ಲೇ 20 ಕ್ಯಾಶಿನ ತಾಮ್ರದ ನಾಣ್ಯ ಅಚ್ಚು ಹಾಕಿಸಿತು. ಅದರ ಹಿಂಬದಿಯಲ್ಲಿ ಪಾರ್ಸಿ ಲಿಪಿಯಲ್ಲಿ ‘ಬೀಸ್ತ್ ಕಾಸ್ ಚಹಾರ್ ಫಲೂಸ್ ಅಸ್ತ್’ ಅಂತಿದೆ. ಇಪ್ಪತ್ತು ಕಾಸು ಅಂದರೆ ನಾಲ್ಕು ಫಲೂಸು ಅಂತ ಅರ್ಥ; ಫಲೂಸು ಅನ್ನುವುದೂ ತಾಮ್ರದ ಚಿಲ್ಲರೆಯೇ. ಇಂಗ್ಲಿಷಿನ ಬಾಯಲ್ಲಿ ಕ್ಯಾಶ್ ಆಗಿದ್ದದ್ದು ಪಾರ್ಸಿಯಲ್ಲಿ ಕಾಸ್ ಆಗಿಯೇ ಇದೆ, ನೋಡಿ. ಈ ನಾಣ್ಯಗಳ ಒಂದು ದೊಡ್ಡ ರಾಶಿ ಇಲ್ಲಿಗೆ ತಲುಪಲೇ ಇಲ್ಲ. ‘ಅಡ್ಮಿರಲ್ ಗಾರ್ಡ್‌ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ಗುಡ್‌ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಆ ಕಾಸುಗಳನ್ನು ಮೇಲೆತ್ತಿದರು. ಈಗ ಹವ್ಯಾಸಿಗಳು ಅವನ್ನು ಪೌಂಡ್ ಕೊಟ್ಟು ಕೊಳ್ಳುತ್ತಾರೆ. ಕಾಸಿಗೆ ಅಷ್ಟು ಬೆಲೆ ಬಂದದ್ದು ಮುಳುಗಿದ ಮೇಲೆ.

ಮೈಸೂರಿನ ನಾಣ್ಯ ಇನ್ನೂ ಚೆನ್ನ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು ೨೦’ ಅಂತಿದೆ. ಜೊತೆಗೇ ಇಂಗ್ಲಿಷಿನಲ್ಲಿ ‘20 ಕ್ಯಾಶ್’, ಅದೂ ರೋಮನ್ ಅಂಕಿಯಲ್ಲಿ. ಒಂದೇ ಬಿಲ್ಲೆಯ ಮೇಲೆ ಕಾಸು, ಕ್ಯಾಶ್ ಎರಡೂ! ‘ಕ್ಯಾಶ್ ಬಂದದ್ದು ಕಾಸಿನಿಂದ’ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈ ಕ್ಯಾಶ್ ಬಂದದ್ದೂ ಹೌದು. ಎಟಿಎಮ್ಮಿನಿಂದ ಬರುವ ಕ್ಯಾಶ್ ಮಾತ್ರ ಇದಲ್ಲ.

ಇನ್ನು ಕಾಸು ಎಲ್ಲಿಂದ ಬಂತು? ಸಂಸ್ಕೃತದ ‘ಕರ್ಷ’ ಎಂಬ ತೂಕದ ಹೆಸರಿನಿಂದ ಅನ್ನುವವರಿದ್ದಾರೆ, ದ್ರಾವಿಡದ್ದೇ ಅನ್ನುವವರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ನನಗೆ ಕುತೂಹಲ ಅದು ಇಳಿದ ದಾರಿಯಲ್ಲಿ. ರಾಜರಾಜ ಚೋಳನ ತಂಜಾವೂರು ದೇವಸ್ಥಾನದ ಶಾಸನಗಳಲ್ಲಿ ಕಾಸು ಚಿನ್ನದ ನಾಣ್ಯ. ಆಮೇಲೆ ಅದೇ ಹೆಸರು ತಾಮ್ರಕ್ಕೆ ಇಳಿಯಿತು. ತಾಮ್ರದಲ್ಲೂ ತೀರಾ ಚಿಕ್ಕದಕ್ಕೆ. ಬಿಡಿಗಾಸು, ಪುಡಿಗಾಸು, ಕವಡೆ ಕಾಸು, ಕುರುಡು ಕಾಸು, ಯಾವುದನ್ನು ತೆಗೆದುಕೊಂಡರೂ ಬಡತನವೇ. ಕಾಸಿಗೆ ತಕ್ಕ ಕಜ್ಜಾಯ ಅನ್ನುವಾಗಲೂ ಕಜ್ಜಾಯ ಸಣ್ಣದೇ ಇರಬೇಕು ಅನ್ನಿಸುತ್ತದೆ. 1943ರಿಂದ ಕೆಲವು ವರ್ಷ ಬಂದ ನಡುವೆ ತೂತಿರುವ ಒಂದು ಪೈಸೆಯ ಬಿಲ್ಲೆಯನ್ನು ನಮ್ಮಜ್ಜಿ ‘ತೂತ್ ಕಾಸು’ ಅನ್ನುತ್ತಿದ್ದರು. ಉಡಿದಾರಕ್ಕೆ ಕಟ್ಟಲು ಅದಕ್ಕಿಂತ ಅನುಕೂಲದ್ದು ಬೇರೆ ಇರಲಿಲ್ಲವಂತೆ.

ಕಾಸು ಚಿನ್ನವಾಗಿಯೇ ಉಳಿದ ಒಂದು ಜಾಗ ಇದೆ: ಕಾಸಿನ ಸರ. ಅಲ್ಲಿ ಯಾರೂ ಅದನ್ನು ಬಿಡಿಗಾಸು ಅನ್ನುವುದಿಲ್ಲ!

‘ಹಣ’ದ ದಾರಿ ಬೇರೆ. ಅದೂ ಪುಟ್ಟ ಚಿನ್ನದ ನಾಣ್ಯವೇ, ಬೆರಳ ತುದಿಗೆ ಅಂಟಿಕೊಳ್ಳುವಷ್ಟು. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣದಲ್ಲಿ ಅಷ್ಟು ಚಿಕ್ಕ ಜಾಗದೊಳಗೆ ನರಸಿಂಹ ಕೂತಿದ್ದಾನೆ. ಅಂಥ ಹತ್ತು ಸೇರಿದರೆ ಲೆಕ್ಕಕ್ಕೆ ಒಂದು ವರಹ; ಮದರಾಸಿನ 42 ಫನಂ ಲೆಕ್ಕ ಬೇರೆ. ಹಣದಲ್ಲಿ ನಾಲ್ಕನೇ ಒಂದು ಪಾಲಿಗೆ ‘ಹಾಗ’ ಅಂತಿದ್ದರು, ಹದಿನಾರನೇ ಒಂದಕ್ಕೆ ‘ವೀಸ’. ಹಾಗ, ವೀಸ ಎರಡೂ ನಮ್ಮ ಬಾಯಿಂದ ಹೋದವು. ಹಣ ಮಾತ್ರ ನಾಣ್ಯ ಹೋದರೂ ಉಳಿದು, ಎಲ್ಲ ಸಂಪತ್ತಿಗೂ ಹೆಸರಾಯಿತು, ಹಣಕಾಸು ಇಲಾಖೆಯ ಬೋರ್ಡಿನವರೆಗೂ ಹೋಯಿತು. ಹಣ ಹೋದಲ್ಲಿಗೆ ಹಿಂದಿನಿಂದ ಕಾಸೂ ಬಂತು, ಗಮನಿಸಿದಿರಾ?

ಈಗ ನನ್ನ ಪ್ರಶ್ನೆಗಳು. ಇಷ್ಟೆಲ್ಲ ಹೇಳಿದ ಮೇಲೂ ಭಾವ ಪಟ್ಟು ಬಿಟ್ಟಿಲ್ಲ. ‘ಮೂಲ ಹೇಗೂ ಇರಲಿ, ಅನುವಾದದಲ್ಲಿ ಕ್ಯಾಶಿಗೆ ಕಾಸು ಅಂತಲೇ ಬರೆಯೋಣ. ನಗದು ಯಾಕೆ, ಅದೂ ಅರಬಿಯಿಂದ ಬಂದದ್ದೇ ತಾನೆ?’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ‘ಐದು ಲಕ್ಷ ನಗದು’ ಅಂದರೆ ಐದು ಲಕ್ಷ ಕಾಣುತ್ತದೆ. ‘ಐದು ಲಕ್ಷ ಕಾಸು’ ಅಂದರೆ ಒಂದು ಗೋಣಿಚೀಲ ತಾಮ್ರ ಕಾಣುತ್ತದೆ. ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ಹಾಕಿದ ಅಂಗಡಿಯವನಿಗೆ ಎದುರಿನ ಪದ ಯಾವುದು ಅಂತ ಚೆನ್ನಾಗಿ ಗೊತ್ತು. ಆದರೆ ಬೆಂಗಳೂರು, ಮೈಸೂರು ಕಡೆ ‘ಅವನು ಚೆನ್ನಾಗಿ ಕಾಸು ಮಾಡ್ದ’ ಅಂದಾಗ ಅದರಲ್ಲಿ ಸಣ್ಣತನ ಇಲ್ಲ ಅನ್ನುವುದೂ ನಿಜ. ಅಲ್ಲಿ ಕಾಸು ಮತ್ತೆ ಮೇಲೇರುತ್ತಿದೆಯಾ?

ನಿಮ್ಮ ಕಡೆ ಹೇಗೆ? ಧಾರವಾಡ, ಕಲಬುರಗಿ ಕಡೆಯವರು ರೊಕ್ಕ ಅನ್ನುವ ಜಾಗದಲ್ಲಿ ಎಂದಾದರೂ ಕಾಸು ಅನ್ನುತ್ತೀರಾ, ಅಥವಾ ಅದು ಬೈಗುಳಕ್ಕೂ ಗಾದೆಗೂ ಮಾತ್ರವಾ? ತುಳುವಿನಲ್ಲಿ ಹಣಕ್ಕೆ ‘ಪಣವು’ ಅನ್ನುತ್ತಾರೆ, ಹಳಗನ್ನಡದ ‘ಪ’ ನಮ್ಮಲ್ಲಿ ‘ಹ’ ಆಯಿತು, ಅಲ್ಲಿ ಹಾಗೇ ಇದೆ. ಅಲ್ಲಿನ ಮಾತಿನಲ್ಲಿ ಕಾಸಿಗೆ ಏನು ಸ್ಥಾನ? ಮತ್ತೆ, ಯಾರ ಮನೆಯಲ್ಲಾದರೂ ಹಳೆಯ ಕಾಸಿನ ಸರ ಇದ್ದರೆ ಆ ಬಿಲ್ಲೆಯ ಮೇಲೆ ಏನು ಅಚ್ಚಾಗಿದೆ ಅಂತ ದಯವಿಟ್ಟು ನೋಡಿ ಬರೆಯಿರಿ. ನಮ್ಮಕ್ಕನದರಲ್ಲಿ ಲಕ್ಷ್ಮಿ ಇದ್ದಾಳೆ. ಭಾವನ ಪ್ರಕಾರ ಅವರ ಅಮ್ಮನದರಲ್ಲಿ ಇದ್ದದ್ದು ವಿಕ್ಟೋರಿಯಾ ರಾಣಿ.