ಅಪ್‌ಡೇಟ್: ಕೊನೆಗೂ ಕ್ಯಾಮೆರಾ ತಗೊಂಡೆ

ದಿನನಿತ್ಯಕ್ಕೂ ಮಲೆನಾಡಿನ ಬೆಟ್ಟಗಳಿಗೂ ಫುಲ್‌ಫ್ರೇಮೇ (ದೊಡ್ಡ ಸೆನ್ಸರಿನ ಕ್ಯಾಮೆರಾನೇ) ಬೇಕಾ ಅಂತ ಇಲ್ಲಿ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ. ನಿಕಾನ್ ಝಡ್50 ತಗೊಂಡೆ, ಜೊತೆಗೆ 16-50 ಎಂಎಂ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರೋ ಝೂಮ್), ಕಡಿಮೆ ಬೆಳಕಿಗೆ 24 ಎಂಎಂ ಎಫ್1.7 ಲೆನ್ಸ್. ಬ್ಯಾಟರಿ, ಕಾರ್ಡ್ ಸೇರಿ ಬಾಡಿ ಬರೀ 450 ಗ್ರಾಂ; ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತುವಾಗ ಭಾರ ಅನ್ನಿಸಲೇ ಇಲ್ಲ. ಇದರ ಎಪಿಎಸ್-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ) ಸೆನ್ಸರಲ್ಲಿ 16 ಎಂಎಂ ಅಂದ್ರೆ ಫುಲ್‌ಫ್ರೇಮಿನ 24 ಎಂಎಂನಷ್ಟು ಅಗಲದ ನೋಟ, ಬೆಟ್ಟದ ಸಾಲಿಗೆ ಧಾರಾಳ. ಮನೆಯೊಳಗೆ, ಸಂಜೆ ಬೀದೀಲಿ 24 ಎಂಎಂ ಲೆನ್ಸೇ ಹಾಕಿರ್ತೀನಿ.

ಎರಡೂ ಲೆನ್ಸಿಗೆ ಫಿಲ್ಟರ್ ಸೈಜ್ 46 ಎಂಎಂ, ಹಾಗಾಗಿ ಒಂದೇ ಪೋಲರೈಸರ್ (ಪ್ರತಿಫಲನ ತಗ್ಗಿಸೋ ಫಿಲ್ಟರ್) ಸಾಕಾಯ್ತು. ಮಳೆ ನಿಂತ ಮೇಲೆ ಒದ್ದೆ ಎಲೆಗಳ ಹೊಳಪು ತೆಗೆದು ಶೋಲಾ ಕಾಡಿನ ಹಸಿರನ್ನು ಎಷ್ಟು ಚೆನ್ನಾಗಿ ತೋರಿಸುತ್ತೆ ಅಂತೀರಿ! ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಇಲ್ಲ, 24 ಎಂಎಂ ಲೆನ್ಸಲ್ಲೂ ಇಲ್ಲ. ಹೊತ್ತು ಮುಳುಗಿದ ಮೇಲಿನ ಲ್ಯಾಂಡ್‌ಸ್ಕೇಪ್‌ಗೆ ಟ್ರೈಪಾಡ್ ಬೇಕೇ ಬೇಕು.